ಎವರೆಟ್ ಪರವಾಗಿ ಎರಡು ಮಾತು

ತಿಪಟೂರಿನ ಕಡೆಯಿಂದ ನಿವೃತ್ತ ಮೇಷ್ಟ್ರೊಬ್ಬರ ಕಾಗದ ಬಂದಿದೆ:

"ನಮ್ಮೂರ ಶಾಲೆಯ ವಾರ್ಷಿಕೋತ್ಸವದಲ್ಲಿ ಏಳು ಜನ ಭಾಷಣ ಮಾಡಿದರು. ಮೂರು ಗಂಟೆ ಹಿಡಿಯಿತು. ಬಹುಮಾನಕ್ಕೆ ಕಾದಿದ್ದ ಮಕ್ಕಳು ಕೂತಲ್ಲೇ ನಿದ್ದೆ ಹೋದವು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಎವರೆಟ್ ಅನ್ನುವವನು ಎರಡು ಗಂಟೆ ಕೊರೆದ. ಇವತ್ತು ಅವನ ಹೆಸರು ಯಾರಿಗೂ ಗೊತ್ತಿಲ್ಲ. ಲಿಂಕನ್ ಅವರು ರೈಲಿನಲ್ಲಿ ಕೂತು ಲಕೋಟೆಯ ಹಿಂದೆ ನಾಲ್ಕು ಸಾಲು ಗೀಚಿಕೊಂಡು ಬಂದು ಎರಡೇ ನಿಮಿಷ ಮಾತಾಡಿದರು. ಜಗತ್ತೇ ನೆನಪಿಟ್ಟುಕೊಂಡಿದೆ. 'ಚಿಕ್ಕದಾಗಿ ಮಾತಾಡಿ' ಅಂತ ನಿಮ್ಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಕತ್ತರಿಸಿ ಎಲ್ಲ ವೇದಿಕೆಗೂ ಅಂಟಿಸುತ್ತೇನೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ಮೂರು ಗಂಟೆ ಹಾಗೆ ಕೂರಿಸಬಾರದಿತ್ತು. ತಯಾರಿ ಇಲ್ಲದೆ ಮೈಕ್ ಹಿಡಿಯುವವರಿಗೆ ಐದು ನಿಮಿಷವೂ ಜಾಸ್ತಿಯೇ. ಲಿಂಕನ್ ಅವರ ಆ ಸುಮಾರು 270 ಪದಗಳ ಮೇಲೂ ನನ್ನ ತಕರಾರಿಲ್ಲ. ಅಷ್ಟು ಬಿಗಿಯಾದ ಗದ್ಯ ನಾನು ಓದಿದ್ದು ಕಡಿಮೆ.

ಇಷ್ಟು ಒಪ್ಪಿದೆ. ಆದರೆ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ನಿಮ್ಮ ಕಾಗದದಲ್ಲಿ ಲಿಂಕನ್‌ಗೆ ಬಹುವಚನ, ಎವರೆಟ್‌ಗೆ ಏಕವಚನ. "ಕೊರೆದ" ಅಂತ ಬೇರೆ ಬರೆದಿದ್ದೀರಿ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಆ ಮನುಷ್ಯನ ಭಾಷಣದ ಒಂದು ಪುಟವನ್ನೂ ಓದದೆ ತೀರ್ಪು ಕೊಟ್ಟಿರಿ, ಅಲ್ವಾ? ಈ ನೋವು ಎಷ್ಟೋ ವರ್ಷದಿಂದ ನನ್ನೊಳಗಿದೆ. ಇವತ್ತು ಹೇಳಿಬಿಡುತ್ತೇನೆ.

ಮೊದಲು ಆ ಲಕೋಟೆ. ಅದು ಕಟ್ಟುಕತೆ. ಆ ಭಾಷಣದ ಐದು ಪ್ರತಿಗಳು ಲಿಂಕನ್ ಅವರ ಕೈಬರಹದಲ್ಲೇ ಉಳಿದಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಎನ್ನುವ ಪ್ರತಿಯ ಮೊದಲ ಹಾಳೆ ಅಧ್ಯಕ್ಷರ ನಿವಾಸದ ಹೆಸರು ಅಚ್ಚಾದ ಕಾಗದ. ಶಾಯಿಯಲ್ಲಿ ನೀಟಾಗಿ ಬರೆದದ್ದು. ಎರಡನೆಯ ಹಾಳೆ ಪೆನ್ಸಿಲಿನದು. ಇನ್ನೊಂದು ವಿಷಯ. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ಜುಲೈ 7ರ ರಾತ್ರಿ ಜನ ಅಧ್ಯಕ್ಷರ ಮನೆಯ ಮುಂದೆ ಸೇರಿದಾಗ ಲಿಂಕನ್ ಸುಮ್ನೆ ನಾಲ್ಕು ಮಾತಾಡಿದರು. ಸ್ವಾತಂತ್ರ್ಯ ಬಂದು ಎಷ್ಟು ಕಾಲವಾಯಿತು, ಎಂಬತ್ತು ಚಿಲ್ಲರೆ ವರ್ಷವಾಯಿತಲ್ಲವೇ ಎಂದು ತಡವರಿಸುತ್ತಾ ಕೇಳಿದರು. ನವೆಂಬರ್ 19ಕ್ಕೆ ಅದೇ ಲೆಕ್ಕ "ನಾಲ್ಕು ಇಪ್ಪತ್ತು ಮತ್ತು ಏಳು ವರ್ಷಗಳ ಹಿಂದೆ" ಎಂಬ ಸಾಲಾಗಿ ಬಂತು. ನಡುವೆ ನಾಲ್ಕು ತಿಂಗಳು ಆ ಯೋಚನೆ ಹಣ್ಣಾಗಿದೆ. ಅದನ್ನು ರೈಲಿನ ಗೀಚು ಎಂದರೆ ಲಿಂಕನ್ ಅವರಿಗೂ ಅನ್ಯಾಯ.

ಈಗ ಎವರೆಟ್. ಅವತ್ತಿನ ಕಾರ್ಯಕ್ರಮ ಪಟ್ಟಿಯಲ್ಲಿ ಮುಖ್ಯ ಭಾಷಣ ಅವರದು. ಅಧ್ಯಕ್ಷರನ್ನು ಕರೆದದ್ದು ಆ ಕದನದಲ್ಲಿ ಸತ್ತ ಸೈನಿಕರ ಸ್ಮಶಾನವನ್ನು ವಿಧಿವತ್ತಾಗಿ ಅರ್ಪಿಸಿ "ಕೆಲವು ಸೂಕ್ತ ಮಾತು" ಆಡಲಿಕ್ಕೆ. ಆ ಕರೆಯೂ ಹೋದದ್ದು ನವೆಂಬರ್ 2ಕ್ಕೆ. ಕಾರ್ಯಕ್ರಮ ಮೊದಲು ಗೊತ್ತಾಗಿದ್ದದ್ದು ಅಕ್ಟೋಬರ್ 23ಕ್ಕೆ. ಅಷ್ಟರೊಳಗೆ ತಯಾರಾಗಲು ಆಗುವುದಿಲ್ಲ ಎಂದು ಎವರೆಟ್ ಹೇಳಿದರು. ಅವರಿಗೋಸ್ಕರ ದಿನವನ್ನೇ ಮುಂದಕ್ಕೆ ಹಾಕಿದರು. ನಮ್ಮಲ್ಲಿ ಯಾವ ಭಾಷಣಕಾರರು "ನನಗೆ ತಯಾರಿ ಸಾಲದು, ದಿನ ಮುಂದೂಡಿ" ಅಂದದ್ದನ್ನು ನೀವು ಕೇಳಿದ್ದೀರಿ, ಹೇಳಿ?

ಅವರಿಗೆ ಆಗ 69 ವರ್ಷ. ಹಾರ್ವರ್ಡ್‌ನಲ್ಲಿ ಗ್ರೀಕ್ ಕಲಿಸಿದವರು, ಮುಂದೆ ಅಲ್ಲಿಯ ಅಧ್ಯಕ್ಷರಾದವರು. ಮ್ಯಾಸಚೂಸೆಟ್ಸ್‌ನ ಗವರ್ನರ್, ದೇಶದ ವಿದೇಶಾಂಗ ಮಂತ್ರಿ ಎಲ್ಲ ಆಗಿದ್ದರು. ಜಾರ್ಜ್ ವಾಷಿಂಗ್ಟನ್ ಬಾಳಿದ ಮನೆಯನ್ನು ಉಳಿಸಲು ಹೆಂಗಸರ ಸಂಘವೊಂದು 2,00,000 ಡಾಲರ್ ಕೂಡಿಸಲು ಹೊರಟಾಗ, ಎವರೆಟ್ ಊರೂರು ಸುತ್ತಿ ಒಂದೇ ಉಪನ್ಯಾಸವನ್ನು ನೂರಕ್ಕೂ ಹೆಚ್ಚು ಸಲ ಕೊಟ್ಟು ಸುಮಾರು 69,000 ಡಾಲರ್ ಸೇರಿಸಿ ಕೊಟ್ಟರು. ಇಂಥವರು ಗೆಟಿಸ್‌ಬರ್ಗ್‌ಗೆ ಕೆಲವು ದಿನ ಮೊದಲೇ ಬಂದು ಆ ಹೊಲಗಳನ್ನು ಕಣ್ಣಾರೆ ನೋಡಿಕೊಂಡರು. ಸುಮಾರು 13,000 ಪದಗಳ ಭಾಷಣವನ್ನು ಬಾಯಿಪಾಠ ಮಾಡಿದ್ದರು.

ಎದುರಿಗಿದ್ದವರು ಯಾರು? ಸುಮಾರು 15,000 ಜನ. ಮಗನನ್ನು, ಗಂಡನನ್ನು ಕಳೆದುಕೊಂಡವರು ಅವರಲ್ಲಿದ್ದರು. ಆ ಮೂರು ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 50,000. ಹೆಣಗಳನ್ನು ಅಗೆದು ತಂದು ಹೊಸ ಸ್ಮಶಾನದಲ್ಲಿ ಹೂಳುವ ಕೆಲಸ ಇನ್ನೂ ಮುಗಿದಿರಲಿಲ್ಲ. ಆ ಜನಕ್ಕೆ ಬೇಕಾಗಿದ್ದದ್ದು ಒಂದೇ. ಇಲ್ಲಿ ಏನು ನಡೆಯಿತು? ನನ್ನ ಮಗ ಯಾವ ದಿನ, ಯಾವ ಗುಡ್ಡದ ಬಳಿ, ಯಾಕೆ ಸತ್ತ? ಎವರೆಟ್ ಅದನ್ನು ಹೇಳಿದರು. ಮೊದಲ ದಿನ ಹೀಗಾಯಿತು, ಎರಡನೆಯ ದಿನ ಹೀಗೆ, ಮೂರನೆಯ ದಿನ ಹೀಗೆ ಎಂದು ಒಂದೊಂದಾಗಿ ಬಿಡಿಸಿಟ್ಟರು. ಎರಡು ನಿಮಿಷದಲ್ಲಿ ಇದು ಆಗುತ್ತದೆಯೇ ಮೇಷ್ಟ್ರೇ?

ಒಂದು ಭಾನುವಾರ ನಾನು ಆ ಭಾಷಣವನ್ನು ಗಟ್ಟಿಯಾಗಿ ಓದಲು ಕೂತೆ. ಎದುರಿಗೆ ಗಡಿಯಾರ, ಪಕ್ಕದಲ್ಲಿ ಒಂದು ಚೊಂಬು ನೀರು. ಇಪ್ಪತ್ತೈದು ನಿಮಿಷಕ್ಕೆ ಗಂಟಲು ಒಣಗಿತು. ವಾಕ್ಯಗಳು ಒಂದೊಂದೂ ಎತ್ತಿನಗಾಡಿ ತಿರುವು ತೆಗೆದುಕೊಂಡ ಹಾಗೆ, ಉಸಿರು ಎಲ್ಲಿ ಬಿಡಬೇಕು ಎಂದು ತಿಳಿಯಲು ಎರಡೆರಡು ಸಲ ಓದಬೇಕು. ನಾಲ್ಕು ಸಲ ಕೂತು ಮುಗಿಸಿದೆ. ಆದರೆ ಕದನದ ಮೂರನೆಯ ದಿನಕ್ಕೆ ಬರುವ ಹೊತ್ತಿಗೆ ಗಡಿಯಾರ ನೋಡುವುದನ್ನು ಮರೆತಿದ್ದೆ. ಅವರು ಇದನ್ನು ಕಾಗದ ನೋಡದೆ, ಮೈಕ್ ಇಲ್ಲದೆ, ಬಯಲಲ್ಲಿ ನಿಂತು ಹೇಳಿದರು.

ಬರೀ ಗಂಟಲು ಎಷ್ಟು ದೂರ ಮುಟ್ಟುತ್ತದೆ ಎಂದು ಬೆಂಜಮಿನ್ ಫ್ರಾಂಕ್ಲಿನ್ ಅಳೆದು ನೋಡಿದ್ದರು. ಫಿಲಡೆಲ್ಫಿಯಾದಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಬೋಧಕರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದರೆ, ಫ್ರಾಂಕ್ಲಿನ್ ನದಿಯ ಕಡೆಗೆ ಹಿಂದೆ ಹಿಂದೆ ನಡೆಯುತ್ತಾ ಹೋದರು. ಎಲ್ಲಿ ಮಾತು ಕೇಳಿಸದಾಯಿತೋ ಅಲ್ಲಿ ನಿಂತು ಅರ್ಧ ವೃತ್ತದ ಲೆಕ್ಕ ಹಾಕಿದರು. ಒಬ್ಬರಿಗೆ ಎರಡು ಚದರ ಅಡಿ ಹಿಡಿದರೂ 30,000 ಜನಕ್ಕೆ ಕೇಳಿಸುತ್ತದೆ ಎಂದು ಬಂತು. ಅಂಥ ಗಂಟಲುಗಳಿದ್ದವು, ಅವಕ್ಕೆ ತಕ್ಕ ಕಿವಿಗಳೂ ಇದ್ದವು. ನನ್ನ ಮಾತೆಲ್ಲ ಆ ಕಿವಿಗಳ ಬಗ್ಗೆಯೇ.

ಮಾರನೆಯ ದಿನ ಎವರೆಟ್ ಅಧ್ಯಕ್ಷರಿಗೆ ಕಾಗದ ಬರೆದರು. ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿಗೆ ನಾನು ಎರಡು ಗಂಟೆಯಲ್ಲಿ ಅಷ್ಟು ಹತ್ತಿರ ಬಂದಿದ್ದರೂ ಸಂತೋಷಪಡುತ್ತಿದ್ದೆ ಎಂದರು. ಇದನ್ನು ಎಲ್ಲರೂ ಹೇಳುತ್ತಾರೆ. ಲಿಂಕನ್ ಅದೇ ದಿನ ಬರೆದ ಉತ್ತರವನ್ನು ಯಾರೂ ಹೇಳುವುದಿಲ್ಲ. ನಿನ್ನೆ ನಮ್ಮ ನಮ್ಮ ಪಾಲಿನ ಕೆಲಸದಲ್ಲಿ ನೀವು ಚಿಕ್ಕ ಭಾಷಣ ಮಾಡಿದ್ದರೂ ಯಾರೂ ಕ್ಷಮಿಸುತ್ತಿರಲಿಲ್ಲ, ನಾನು ದೊಡ್ಡದು ಮಾಡಿದ್ದರೂ ಕ್ಷಮಿಸುತ್ತಿರಲಿಲ್ಲ ಎಂದರು ಲಿಂಕನ್. ನಿಮಗೆ ದಪ್ಪಕ್ಷರ ಬೇಕೇ ಬೇಕು ಎಂದಾದರೆ ಇದನ್ನು ಹಾಕುತ್ತೇನೆ.

ಅಷ್ಟಕ್ಕೂ ಲಿಂಕನ್ ಚಿಕ್ಕ ಮಾತಿನವರೇ ಅಲ್ಲ! 1854ರ ಅಕ್ಟೋಬರ್‌ನಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಎದುರಾಳಿ ಸ್ಟೀಫನ್ ಡಗ್ಲಸ್ ಮೂರು ಗಂಟೆ ಮಾತಾಡಿ ಮುಗಿಸುವಾಗ ಸಂಜೆ ಐದು ದಾಟಿತ್ತು. ಲಿಂಕನ್ ಎದ್ದು ನಿಂತು, ನನಗೂ ಅಷ್ಟೇ ಹೊತ್ತು ಬೇಕು, ಮನೆಗೆ ಹೋಗಿ ಊಟ ಮಾಡಿ ಏಳು ಗಂಟೆಗೆ ಬನ್ನಿ ಎಂದರು. ಜನ ಊಟ ಮಾಡಿ ವಾಪಸ್ ಬಂದರು. ಇನ್ನೂ ಮೂರು ಗಂಟೆ ಕೂತು ಕೇಳಿದರು. 1858ರಲ್ಲಿ ಅದೇ ಇಬ್ಬರು ಏಳು ಊರುಗಳಲ್ಲಿ ವಾದ ಮಾಡಿದರು. ಮೊದಲನೆಯವರಿಗೆ ಒಂದು ಗಂಟೆ, ಎರಡನೆಯವರಿಗೆ ಒಂದೂವರೆ, ಮತ್ತೆ ಮೊದಲನೆಯವರಿಗೆ ಅರ್ಧ. ಶೀಘ್ರಲಿಪಿಕಾರರು ಬರೆದುಕೊಂಡರು, ಪತ್ರಿಕೆಗಳು ಪೂರ್ತಿ ಅಚ್ಚು ಹಾಕಿದವು. 1860ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದ ಭಾಷಣಕ್ಕೆ ಅವರು ತಿಂಗಳುಗಟ್ಟಲೆ ಗ್ರಂಥಾಲಯದಲ್ಲಿ ಕೂತಿದ್ದರು. ಸಂವಿಧಾನಕ್ಕೆ ಸಹಿ ಹಾಕಿದ 39 ಜನ ಗುಲಾಮಗಿರಿಯ ವಿಷಯದಲ್ಲಿ ಎಲ್ಲೆಲ್ಲಿ ಹೇಗೆ ಮತ ಹಾಕಿದರು ಎಂದು ಹುಡುಕಿ ತೆಗೆದರು. ಅವರನ್ನು ಅಧ್ಯಕ್ಷ ಪದವಿಯ ಹತ್ತಿರಕ್ಕೆ ತಂದದ್ದು ಆ ಉದ್ದದ ಭಾಷಣ. ಇಷ್ಟು ವರ್ಷ ಉದ್ದಕ್ಕೆ ಮಾತಾಡಿ ಪಳಗಿದ ನಾಲಿಗೆಯೇ ಗೆಟಿಸ್‌ಬರ್ಗ್‌ನಲ್ಲಿ ಎರಡು ನಿಮಿಷಕ್ಕೆ ಇಳಿದದ್ದು.

ಕೇಳುವ ಜನವೂ ಒಂದೇ ದಿನಕ್ಕೆ ಹುಟ್ಟಲಿಲ್ಲ. 1826ರಲ್ಲಿ ಜೊಸಾಯ ಹೋಲ್‌ಬ್ರೂಕ್ ಎಂಬುವವರು ಮ್ಯಾಸಚೂಸೆಟ್ಸ್‌ನ ಮಿಲ್‌ಬರಿ ಎಂಬ ಸಣ್ಣ ಊರಿನಲ್ಲಿ "ಲೈಸಿಯಂ" ಶುರು ಮಾಡಿದರು. ಊರಿನವರೇ ಸೇರಿ ನಡೆಸುವ ಉಪನ್ಯಾಸ ಕೂಟ ಅದು. ಊರೂರಿಗೆ ಹಬ್ಬಿತು. ರೈತರು, ಕಸುಬಿನವರು ಬಂದು ಕೂತು ಕೇಳಿದರು. ಲಿಂಕನ್ ಸಹ 28ನೆಯ ವಯಸ್ಸಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಲೈಸಿಯಂನಲ್ಲಿ ಮಾತಾಡಿದ್ದರು.

ಇದೇ ಕಿವಿಗಳು ನಮ್ಮ ವಿವೇಕಾನಂದರಿಗೂ ಸಿಕ್ಕಿದವು. 1892ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದವರು 1893ರ ಸೆಪ್ಟೆಂಬರ್ 11ರಂದು ಷಿಕಾಗೋದಲ್ಲಿ ನಿಂತರು. ನಾವು "ಸಹೋದರಿಯರೇ, ಸಹೋದರರೇ" ಎಂಬ ಎರಡು ಪದ ಹಿಡಿದುಕೊಂಡು ಕೂತಿದ್ದೇವೆ. ಆ ದಿನದ ಭಾಷಣ ಚಿಕ್ಕದೇ, ಒಪ್ಪುತ್ತೇನೆ. ಆದರೆ ಆಮೇಲೆ ಅವರು ಉಪನ್ಯಾಸ ಏರ್ಪಡಿಸುವ ಕಂಪನಿಯೊಂದರ ಜತೆ ಒಪ್ಪಂದ ಮಾಡಿಕೊಂಡು ಅಮೆರಿಕದ ಊರೂರು ಸುತ್ತಿದರು. ಅವರ ಕೆಲಸ ನಡೆದದ್ದು ಆ ಉದ್ದದ ಸಂಜೆಗಳಲ್ಲಿ. ಅದನ್ನು ಯಾರು ನೆನೆಯುತ್ತಾರೆ?

ಉದ್ದ ಯಾಕೆ ಬೇಕು ಎಂದು ನನಗೆ ತಿಳಿಸಿಕೊಟ್ಟವರು ಫ್ರೆಡರಿಕ್ ಡಗ್ಲಸ್. ಮೇರಿಲ್ಯಾಂಡ್‌ನಲ್ಲಿ ಗುಲಾಮರಾಗಿ ಹುಟ್ಟಿದವರು. ಬಾಲ್ಟಿಮೋರ್‌ನಲ್ಲಿ ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗ ಬೂಟು ಪಾಲಿಶ್ ಮಾಡಿ ಗಳಿಸಿದ 50 ಸೆಂಟ್ ಕೊಟ್ಟು ಒಂದು ಪುಸ್ತಕ ಕೊಂಡರು. ಭಾಷಣ ಕಲಿಸುವ ಶಾಲಾ ಪುಸ್ತಕ ಅದು. ಅದರಲ್ಲಿ ಯಜಮಾನನಿಗೂ ಗುಲಾಮನಿಗೂ ನಡೆಯುವ ಒಂದು ಸಂವಾದವಿದೆ. ಗುಲಾಮ ಒಂದೊಂದೇ ಮಾತಿಗೆ ಉತ್ತರ ಕೊಟ್ಟು, ಕೊನೆಗೆ ಯಜಮಾನನೇ ಅವನನ್ನು ಬಿಡುಗಡೆ ಮಾಡುತ್ತಾನೆ. ಹುಡುಗ ಅದನ್ನು ಕದ್ದುಮುಚ್ಚಿ ಮತ್ತೆ ಮತ್ತೆ ಓದಿದ.

1852ರ ಜುಲೈ 5ರಂದು ರೋಚೆಸ್ಟರ್ ಊರಿನಲ್ಲಿ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಅವರನ್ನು ಕರೆದರು. ಶುರುವಿನಲ್ಲಿ ಅವರು ದೇಶ ಕಟ್ಟಿದವರನ್ನು ಮನಸಾರೆ ಹೊಗಳುತ್ತಾರೆ. ಪುಟಗಟ್ಟಲೆ ಹೊಗಳುತ್ತಾರೆ. ಸಭೆ ತಲೆದೂಗುತ್ತಿರುವಾಗ ತಿರುಗಿ ನಿಂತು ಕೇಳುತ್ತಾರೆ: ನಿಮ್ಮ ಈ ಜುಲೈ ನಾಲ್ಕು ಗುಲಾಮನಿಗೆ ಏನು? ಐದು ನಿಮಿಷಕ್ಕೆ ಯಾರಾದರೂ ಚೀಟಿ ಕಳಿಸಿದ್ದರೆ ಬರೀ ಹೊಗಳಿಕೆ ಉಳಿಯುತ್ತಿತ್ತು. ಅವರು ಬಂದದ್ದು ಯಾಕೋ, ಅದು ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ನಾವು ಮಾಡಿರುವುದೂ ಇದನ್ನೇ. 1963ರ ಆಗಸ್ಟ್ 28ರ ಭಾಷಣ ಸುಮಾರು 17 ನಿಮಿಷದ್ದು. ಮೊಬೈಲಿನಲ್ಲಿ ಓಡಾಡುವುದು ಕನಸಿನ ತುಣುಕು ಮಾತ್ರ. ಮೊದಲ ಭಾಗದಲ್ಲಿ ಅವರು ಒಂದು ಚೆಕ್ಕಿನ ಮಾತು ಹೇಳುತ್ತಾರೆ. ಅಮೆರಿಕ ಕಪ್ಪು ಜನರಿಗೆ ಕೊಟ್ಟ ಚೆಕ್ಕು, ಖಾತೆಯಲ್ಲಿ ಹಣವಿಲ್ಲ ಎಂದು ವಾಪಸ್ ಬಂದಿದೆ, ಅದನ್ನು ನಗದು ಮಾಡಿಸಲು ಬಂದಿದ್ದೇವೆ ಎನ್ನುತ್ತಾರೆ. ಬಾಕಿ ವಸೂಲಿಗೆ ಬಂದವರ ಬಾಯಿಂದ ಬರೀ ಕನಸನ್ನು ಇಟ್ಟುಕೊಂಡೆವು, ಚೆಕ್ಕನ್ನು ಬಿಟ್ಟೆವು. ಅಲ್ಲಿಯ ಟಿವಿ ಸುದ್ದಿಯನ್ನು ಅಳೆದವರ ಲೆಕ್ಕ ಹೀಗಿದೆ. 1968ರ ಚುನಾವಣೆಯಲ್ಲಿ ಅಭ್ಯರ್ಥಿಯ ಮಾತು ಒಂದೇ ಸಮನೆ ಸರಾಸರಿ 43 ಸೆಕೆಂಡ್ ಬರುತ್ತಿತ್ತು. 1988ಕ್ಕೆ 9 ಸೆಕೆಂಡ್.

ನಮ್ಮಲ್ಲೂ ಈ ಗಾಳಿ ಬೀಸಿ ಬಹಳ ದಿನವಾಯಿತು. ಕರಾವಳಿಯಲ್ಲಿ ತಾಳಮದ್ದಲೆಗೆ ರಾತ್ರಿಯಿಡೀ ಕೂತು ಅರ್ಥ ಕೇಳಿದವರ ಮೊಮ್ಮಕ್ಕಳು ನಾವೆಲ್ಲ. ಈಗ ಬರಹ ಕಳಿಸುವವರು "ಎರಡು ನಿಮಿಷದ ಓದು" ಎಂದು ಮೊದಲೇ ಕ್ಷಮೆ ಕೇಳಿಕೊಂಡು ಕಳಿಸುತ್ತಾರೆ. ನೋಡಿದರೆ ನನಗೆ ಸಂಕಟವಾಗುತ್ತದೆ. ನಿಮ್ಮೂರಿನ ಆ ಏಳು ಜನರ ತಪ್ಪು ಉದ್ದದ್ದಲ್ಲ ಮೇಷ್ಟ್ರೇ. ಯಾರೂ ಆ ಮಕ್ಕಳಿಗಾಗಿ ಒಂದು ಸಂಜೆ ಕೂತು ಯೋಚನೆ ಮಾಡಿ ಬಂದಿರಲಿಲ್ಲ, ಅಷ್ಟೇ.

ಕಳೆದ ತಿಂಗಳು ಒಂದು ಪ್ರೌಢಶಾಲೆಗೆ ಭಾಷಣ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ "ನನ್ನೂರು". ಒಬ್ಬರಿಗೆ ಮೂರು ನಿಮಿಷ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅವಳ ತಾತನ ಬಗ್ಗೆ ಶುರು ಮಾಡಿದಳು. ಅವರು ಊರ ಕೆರೆಯ ನೀರಗಂಟಿ. ತೂಬು ಎತ್ತುವುದು ಹೇಗೆ, ಯಾವ ಗದ್ದೆಗೆ ಯಾವ ಜಾವ ನೀರು ಎಂದು ಕೈಯಲ್ಲೇ ತೋರಿಸುತ್ತಾ ಹೇಳಿದಳು. "ಕೆರೆ ಕೋಡಿ ಬಿದ್ದ ರಾತ್ರಿ ನಮ್ಮ ತಾತ..." ಎನ್ನುವಾಗ ಗಂಟೆ ಹೊಡೆಯಿತು. ವಂದನೆ ಹೇಳಿ ಇಳಿದುಬಿಟ್ಟಳು.

ಮುಗಿದ ಮೇಲೆ ಜಗಲಿಯಲ್ಲಿ ಸಿಕ್ಕಿದಳು. ಆ ರಾತ್ರಿ ಏನಾಯಿತಮ್ಮ ಎಂದು ಕೇಳಿದೆ. ಮೊದಲು ನನ್ನ ಕೈಗಡಿಯಾರ ನೋಡಿದಳು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಏರಿಯಲ್ಲಿ ಒಂದು ಕಡೆ ನೀರು ಜಿನುಗತೊಡಗಿತ್ತಂತೆ. ತಾತ ಲಾಟೀನು ಹಿಡಿದುಕೊಂಡು ಕೆಳಗಿನ ಕೇರಿಯ ಮನೆಮನೆಗೂ ಹೋಗಿ ಎಬ್ಬಿಸಿದರಂತೆ. ಯಾರ್ಯಾರು ಮಣ್ಣಿನ ಮಂಕರಿ ಹೊತ್ತು ತಂದರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದಳು. ಅವಳು ಮುಗಿಸುವಷ್ಟರಲ್ಲಿ ನನ್ನ ಬಸ್ ಹೋಗಿತ್ತು. ಮುಂದಿನ ಬಸ್ಸಿಗೆ ಬಂದೆ.