ಪ್ರತಿಕ್ರಿಯೆ: ‘ಪ್ರೋಟೀನ್ = ಸಾರಜನಕ × 6.25’ ಎಂದರೆ ಮೋಸವಲ್ಲ

ನಿಮ್ಮ ರಾಗಿ ಮಾಲ್ಟ್ ಹಿಟ್ಟಿನ ಪ್ರಯೋಗಾಲಯ ವರದಿಯಲ್ಲಿ ‘ಪ್ರೋಟೀನ್ 7.1 (ಸಾರಜನಕ × 6.25)’ ಎಂದು ನೋಡಿ, ಪ್ರೋಟೀನನ್ನು ಅಳೆಯದೆ ಲೆಕ್ಕ ಹಾಕಿ ಕೊಟ್ಟರೇ ಎಂದು ಕೇಳಿದ್ದೀರಿ. ಲೆಕ್ಕ ಹಾಕಿದ್ದು ನಿಜ, ಆದರೆ ಅದು ಒಪ್ಪಿತ ಪದ್ಧತಿಯೇ. ಅಳೆಯುವುದು ಸಾರಜನಕವನ್ನು; ಆ ವಿಧಾನ 1883ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ ರೂಪಿಸಿದ್ದು.

ಚಿಟಿಕೆಯಷ್ಟು ಹಿಟ್ಟನ್ನು ಗಾಢ ಗಂಧಕಾಮ್ಲದಲ್ಲಿ ಕುದಿಸುತ್ತಾರೆ. ಮೊದಲು ಕಾಡಿಗೆಯಂತೆ ಕಪ್ಪಾಗಿ ನೊರೆಯೇಳುತ್ತದೆ. ಗಂಟೆಗಳ ಮೇಲೆ ತಿಳಿಯಾಗುತ್ತದೆ. ತಾಮ್ರದ ವೇಗವರ್ಧಕ ಹಾಕಿದ್ದರೆ ತಿಳಿಹಸಿರು. ಆಮೇಲೆ ಕ್ಷಾರ ಸೇರಿಸಿದಾಗ ಹಿಟ್ಟಿನ ಸಾರಜನಕ ಅಮೋನಿಯವಾಗಿ ಹೊರಬರುತ್ತದೆ; ಅದನ್ನು ಬಟ್ಟಿ ಇಳಿಸಿ, ಬಣ್ಣ ಬದಲಿಸುವ ಸೂಚಕ ಹಾಕಿದ ಬೋರಿಕ್ ಆಮ್ಲದಲ್ಲಿ ಹಿಡಿಯುತ್ತಾರೆ. ನಸುಗೆಂಪು ದ್ರಾವಣ ಹಸಿರಾಗುವ ಆ ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಅದು ಮತ್ತೆ ನಸುಗೆಂಪಾಗುವವರೆಗೆ ಹನಿಹನಿಯಾಗಿ ಬಿಟ್ಟ ಆಮ್ಲದ ಪ್ರಮಾಣದಿಂದಲೇ ಸಾರಜನಕದ ಲೆಕ್ಕ.

ಪ್ರೋಟೀನಿನಲ್ಲಿ ಸರಾಸರಿ ಶೇ 16ರಷ್ಟು ಸಾರಜನಕ ಇರುವುದರಿಂದ 6.25ರಿಂದ ಗುಣಿಸುತ್ತಾರೆ. ಹಾಲಿಗಾದರೆ 6.38, ಗೋಧಿಹಿಟ್ಟಿಗೆ 5.7.

ನಿಮ್ಮ ಅನುಮಾನಕ್ಕೂ ಆಧಾರವಿದೆ. ಸಾರಜನಕ ಎಲ್ಲಿಂದ ಬಂತೆಂದು ಈ ಪರೀಕ್ಷೆಗೆ ತಿಳಿಯುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕವಾದ ಮೆಲಮೈನ್ ಸೇರಿಸಿದ್ದು ಈ ಕುರುಡನ್ನೇ ನಂಬಿ; ಅದರ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ಹಸುಗೂಸುಗಳು ಸತ್ತವು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಅಪ್ಪಟ ರಾಗಿಗೆ ಆ ಭಯವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲೂ ನೂರು ಗ್ರಾಂ ರಾಗಿಗೆ ಸುಮಾರು 7.2 ಗ್ರಾಂ ಪ್ರೋಟೀನ್ ಇದೆ. ಧೈರ್ಯವಾಗಿ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ. ತೇವಾಂಶ ಎಷ್ಟೆಂದು ಮಾತ್ರ ಅದೇ ವರದಿಯಲ್ಲಿ ನೋಡಿಕೊಳ್ಳಿ. ಹಿಟ್ಟು ಕೆಡುವುದು ಅದರಿಂದ.