ಬಿಸಿಲು ಮೋಡ ಆಟ ಆಡುವಾಗ ಸ್ಟೂಡೆಂಟ್ ಫಿಲ್ಮ್ ಶೂಟ್ ಮಾಡುದು ಹೇಗೆ?

ಎರಡೇ ದಿನದ ಶೂಟ್, ಲೈಟ್ ಬಾಡಿಗೆಗೆ ದುಡ್ಡಿಲ್ಲ, ಒಂದೇ ಸೀನ್‌ನಲ್ಲಿ ಒಂದು ಶಾಟ್ ಬಿಸಿಲು ಇನ್ನೊಂದು ಮೋಡ, ಎಡಿಟ್‌ಗೆ ಕೂತರೆ ಕೂಡುದೇ ಇಲ್ಲ ಅಂತ ಕೇಳಿದ್ರಲ್ಲ, ಓದಿ ನಗು ಬಂತು ಮಾರಾಯ್ರೆ, ಇದು ನಮ್ಮದೇ ಕತೆ.

ನಾವು ಆರು ಜನ, ಉಡುಪಿ ಹತ್ರ ನಮ್ಮಲ್ಲೇ ಒಬ್ಬನ ಅಜ್ಜಿ ಮನೆಯಲ್ಲಿ ಶೂಟ್ ಇಟ್ಟದ್ದು. ಹಂಚಿನ ಮನೆ, ಜಗಲಿಯಲ್ಲಿ ಅಜ್ಜಿ ಮೊಮ್ಮಗ ಮಾತಾಡುವ ಸೀನ್, ಬರೀ ನಾಲ್ಕು ನಿಮಿಷದ್ದು. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿದ್ದು ಸಂಜೆ ಐದಾದ್ರೂ ಮುಗಿಲಿಲ್ಲ. ಅಕ್ಟೋಬರ್ ನಮ್ಮಲ್ಲಿ ಹೇಗೆ ಅಂತ ಗೊತ್ತುಂಟಲ್ಲ, ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಊಟ ಆಗಿ ಕೈ ತೊಳೆಯುವಷ್ಟರಲ್ಲಿ ಘಟ್ಟದ ಕಡೆಯಿಂದ ಮೋಡ ಕಟ್ಟಿ ಗುಡುಗು. ಅಜ್ಜಿಯ ಕ್ಲೋಸಪ್ ತೆಗೆದದ್ದು ಬೆಳಿಗ್ಗೆ, ಮೊಮ್ಮಗನ ಕ್ಲೋಸಪ್ ಮೂರೂವರೆಗೆ. ಜೋಡಿಸಿ ನೋಡಿದ್ರೆ ಅಜ್ಜಿ ಬೇಸಿಗೆಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಆಟಿ ತಿಂಗಳ ಜಡಿಮಳೆಯಲ್ಲಿ ಉತ್ತರ ಕೊಟ್ಟ ಹಾಗೆ!

ಅದರ ಮೇಲೆ ನಮ್ಮದೇ ಬೆಪ್ಪುತನ, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುದು) ಆಟೋ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುದು) ಕೂಡ ಆಟೋ. ಮೋಡ ಬಂದ ಕೂಡ್ಲೇ ಶಾಟ್‌ನ ಮಧ್ಯದಲ್ಲೇ ಬಣ್ಣ ಜಾರ್ತದೆ, ಅದನ್ನು ಗ್ರೇಡಿಂಗ್‌ನಲ್ಲಿ, ಅಂದ್ರೆ ಆಮೇಲೆ ಕಂಪ್ಯೂಟರಲ್ಲಿ ಬಣ್ಣ ತಿದ್ದುವಾಗ, ಸರಿ ಮಾಡುದು ಬೇಡಪ್ಪಾ ಬೇಡ. ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ, ಅಂದ್ರೆ ಹಗಲು ಬೆಳಕಿನ ಅಳತೆಗೆ, ಲಾಕ್ ಮಾಡಿ ಬಿಟ್ಟುಬಿಡಿ. ಸೆಕೆಂಡಿಗೆ 25 ಫ್ರೇಮ್‌ ಆದ್ರೆ ಶಟರ್ 1/50 ಸೆಕೆಂಡ್, ಬಿಸಿಲು ಜಾಸ್ತಿ ಆಯ್ತು ಅಂತ ಅದನ್ನು ಏರಿಸ್ಬೇಡಿ, ಕೈ ಬೀಸಿದ್ರೂ ಚಲನೆ ಕಡಿದು ಕಡಿದು ಕಾಣ್ತದೆ. ಅದರ ಬದಲು ವೇರಿಯೇಬಲ್ ಎನ್‌ಡಿ ಫಿಲ್ಟರ್ (ಲೆನ್ಸ್‌ಗೆ ಹಾಕುವ ಕಪ್ಪು ಗಾಜು, ತಿರುಗಿಸಿದ ಹಾಗೆ ಬೆಳಕು ಕಡಿಮೆ ಆಗ್ತದೆ) ಒಂದು ಯಾರ ಹತ್ರ ಆದ್ರೂ ಕೇಳಿ ತನ್ನಿ. ಅಗ್ಗದ್ದಾದ್ರೆ ಪೂರ್ತಿ ತಿರುಗಿಸ್ಬೇಡಿ, ಚಿತ್ರದ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬರ್ತದೆ.

ಆದ್ರೆ ಸೆಟ್ಟಿಂಗ್‌ಗಿಂತ ದೊಡ್ಡ ವಿಷಯ ಇನ್ನೊಂದು ಉಂಟು, ನಮಗೆ ತಡವಾಗಿ ಹೊಳೆದದ್ದು. ದೊಡ್ಡ ಲೈಟ್ ಇಲ್ಲದೆ ಮೋಡದಲ್ಲಿ ಬಿಸಿಲು ತಯಾರಿಸ್ಲಿಕ್ಕೆ ಆಗುದಿಲ್ಲ, ಬಿಸಿಲಲ್ಲಿ ಮೋಡ ತಯಾರಿಸ್ಬಹುದು. ಅಂದ್ರೆ ಡೈಲಾಗ್ ಸೀನ್ ಎಲ್ಲ ಮೊದಲೇ ನೆರಳಿಗೆ ಬರೆದುಕೊಳ್ಳಿ. ವೈಡ್ ಶಾಟ್‌ನಲ್ಲಿ ಅಂಗಳ, ತೋಟ ಎಲ್ಲ ಕಾಣ್ತದೆ, ಅಲ್ಲಿ ಮೋಸ ಮಾಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ವೈಡ್ ಎಲ್ಲ ಒಂದೇ ಗಂಟೆಯಲ್ಲಿ ಮುಗಿಸಿ. ಕ್ಲೋಸಪ್‌ಗೆ ಇಬ್ಬರು ಬಿಳಿ ಪಂಚೆ ಬಿಡಿಸಿ ತಲೆಯ ಮೇಲೆ ಹಿಡಿದ್ರೆ ಮೋಡ ರೆಡಿ, ಇನ್ನೊಬ್ಬ ಥರ್ಮಾಕೋಲ್ ಹಿಡಿದು ಮುಖಕ್ಕೆ ಬೆಳಕು ತಿರುಗಿಸ್ಲಿ. ಎದುರುಬದುರು ಕ್ಲೋಸಪ್ ಇದ್ರೆ ಒಂದರ ಹಿಂದೆ ಒಂದು ತೆಗೀರಿ, ಮಧ್ಯದಲ್ಲಿ ಊಟಕ್ಕೆ ಬಿಡ್ಬೇಡಿ. ಹಾಂ, ತೆಂಗಿನ ಮರದ ಅಡಿಯಲ್ಲಂತೂ ಕೂರಿಸ್ಲೇಬೇಡಿ, ಮಧ್ಯಾಹ್ನ ಕಡಲ ಗಾಳಿ ಬೀಸಿದ್ರೆ ಗರಿಯ ನೆರಳು ಮುಖದ ಮೇಲೆ ಕುಣೀತದೆ, ಒಂದು ಟೇಕ್‌ನ ಹಾಗೆ ಇನ್ನೊಂದಿಲ್ಲ. ಅಡಿಕೆ ತೋಟದಲ್ಲಿ ಚರ್ಮಕ್ಕೆ ಹಸಿರು ಹೊಡೀತದೆ, ಮುರಕಲ್ಲಿನ ಗೋಡೆ ಹತ್ರ ಕೆಂಪು.

ನಿಮ್ಮ ಕ್ಲೈಮ್ಯಾಕ್ಸ್ ಮಲ್ಪೆ ಬೀಚ್‌ನಲ್ಲಿ, ಡಿಸೆಂಬರ್‌ನಲ್ಲಿ ಅಂದ್ರಲ್ಲ. ಆಗ ಸೂರ್ಯ ಮುಳುಗುದು ಆರು ಗಂಟೆ ಕಳೆದು ಸ್ವಲ್ಪಕ್ಕೇ, ನಮ್ಮಲ್ಲಿ ಅದು ನೆಟ್ಟಗೆ ಇಳೀತದೆ, ಚಂದದ ಬೆಳಕು ಅರ್ಧ ಗಂಟೆ ಸಿಕ್ಕಿದ್ರೆ ಪುಣ್ಯ. ನಾಲ್ಕೂವರೆಗೆ ರಿಹರ್ಸಲ್ ಮುಗಿಸಿ. ಮೊದಲು ಆ್ಯಕ್ಟರ್ ಕಡಲಿಗೆ ಮುಖ ಮಾಡಿದ ಶಾಟ್ ತೆಗೀರಿ, ಮುಖಕ್ಕೆ ಬಿಸಿಲು ಬೀಳ್ತದೆ, ಕಡಲು ಹಿಂದೆ ಬಂದು ಮುಖ ಕಪ್ಪಾಗುವ ಶಾಟ್ ಕೊನೆಗೆ. ಕಪ್ಪು ಕೊಡೆ ಒಂದೆರಡು ಇರ್ಲಿ, ಲೆನ್ಸ್‌ಗೆ ಬಿಸಿಲು ಹೊಡೆದ್ರೆ ಅಡ್ಡ ಹಿಡೀಲಿಕ್ಕೆ.

ನಮ್ಮ ಅಜ್ಜಿ ಸೀನ್ ಎಂತಾಯ್ತು ಅಂದ್ರೆ, ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ ಮೇಲೆ ಮೋಡದ ನೆರಳು ಬರುವ ಒಂದು ಶಾಟ್ ಯಾರೋ ಸುಮ್ಮನೆ ತೆಗೆದಿಟ್ಟಿದ್ದ. ಅದನ್ನು ಇಬ್ಬರ ಮಾತಿನ ಮಧ್ಯಕ್ಕೆ ತುರುಕಿಸಿ ಒಂದು ಗುಡುಗು ಹಾಕಿದೆವು. ನೋಡಿದವರು ಸಿಂಬಾಲಿಕ್ ಉಂಟು ಅಂದ್ರು, ನಾವೂ ಹೌದು ಹೌದು ಅಂದೆವು.