ಎತ್ತು ಕಟ್ಟೋದು ಎಲ್ಲಿ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಅವರ ಕಾಗದದ ಮನೆಗಳ ಬಗ್ಗೆ ಓದಿದೆ. ಕಾಗದ ಮಳೆ ತಡೆಯುತ್ತದೆಯೇ? ಇವೆಲ್ಲ ಫೋಟೋಕ್ಕೆ ಚೆಂದ. 2009ರ ನೆರೆಯಲ್ಲಿ ನಮ್ಮ ಊರು ಮುಳುಗಿತು. ದಿಬ್ಬದ ಮೇಲೆ ಹೊಸ ಮನೆ ಕಟ್ಟಿಕೊಟ್ಟರು. ಎತ್ತು ಕಟ್ಟಲು ಜಾಗವಿಲ್ಲ. ಅರ್ಧ ಜನ ಹಳೇ ಊರಿಗೇ ವಾಪಸಾದರು. ಶಾಲೆಯ ಚಾವಣಿ ಸೋರುತ್ತಿದೆ. ನಮ್ಮಲ್ಲಿಗೆ ಯಾರು ಬರುತ್ತಾರೆ?
(ಬಾಗಲಕೋಟೆ ಜಿಲ್ಲೆಯ ಓದುಗರು)

ಸಂಪಾದಕರ ಉತ್ತರ: ನಮಸ್ಕಾರ. ಪತ್ರದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಮೊದಲು ಮಳೆಯ ವಿಷಯ ಮುಗಿಸಿಬಿಡೋಣ.

ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿಡುವ ರಟ್ಟಿನ ಕೊಳವೆ ನೋಡಿದ್ದೀರಲ್ಲ, ಬಾನ್ ಅವರ ಕಾಗದ ಆ ಜಾತಿಯದು. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ, ವಿಯೆಟ್ನಾಂನಿಂದ ಬಂದ ನಿರಾಶ್ರಿತರಿಗೆ ಇಂಥ ಕೊಳವೆ ಸಾಲಾಗಿ ನಿಲ್ಲಿಸಿ ಗೋಡೆ ಮಾಡಿದರು. ಅಡಿಪಾಯಕ್ಕೆ ಬಿಯರ್ ಕ್ರೇಟು, ಅದರೊಳಗೆ ಮರಳಿನ ಚೀಲ. ಕಟ್ಟಿದವರು ಸ್ವಯಂಸೇವಕರು. ಅಲ್ಲೇ ಸುಟ್ಟುಹೋಗಿದ್ದ ಚರ್ಚಿನ ಜಾಗದಲ್ಲಿ 58 ಕೊಳವೆಗಳ ಒಂದು ಪ್ರಾರ್ಥನಾ ಮಂದಿರವೂ ಎದ್ದಿತು. ಸದ್ಯಕ್ಕೆ ಅಂತ ಕಟ್ಟಿದ್ದು ಹತ್ತು ವರ್ಷ ನಿಂತಿತು. ಆಮೇಲೆ ಅದನ್ನು ಬಿಚ್ಚಿ, 1999ರ ಭೂಕಂಪದಲ್ಲಿ ನಲುಗಿದ್ದ ತೈವಾನಿನ ಒಂದು ಹಳ್ಳಿಗೆ ಸಾಗಿಸಿ ಮತ್ತೆ ನಿಲ್ಲಿಸಿದರು. ನಿಮ್ಮ ಶಾಲೆಯ ಚಾವಣಿ ಎಷ್ಟನೇ ವರ್ಷಕ್ಕೆ ಸೋರೋಕೆ ಶುರುವಾಯಿತು?

ಫೋಟೋದ ಮಾತನ್ನು ಅರ್ಧ ಒಪ್ಪುತ್ತೇನೆ. 2001ರಲ್ಲಿ ಭೂಕಂಪಕ್ಕೆ ಗುಜರಾತಿನ ಕಚ್ಛ್ ನಡುಗಿದಾಗ ಲಕ್ಷಗಟ್ಟಲೆ ಮನೆ ಬಿದ್ದವು. ಬಾನ್ ಅಲ್ಲಿನ ಭುಜ್‌ನಲ್ಲಿ ಕಟ್ಟಿದ್ದು ಬೆರಳೆಣಿಕೆಯಷ್ಟು. ಆದರೆ ಹೇಗೆ ಕಟ್ಟಿದರು ನೋಡಿ. ಕ್ರೇಟಿನ ಬದಲು ಬಿದ್ದ ಮನೆಗಳ ಕಲ್ಲುಮಣ್ಣನ್ನೇ ಅಡಿಪಾಯಕ್ಕೆ ತುಂಬಿದರು. ಮೇಲೆ ಮಣ್ಣಿನ ನೆಲ. ಚಾವಣಿಗೆ ಬಿದಿರು, ಚಾಪೆ, ಎರಡು ಚಾಪೆಗಳ ನಡುವೆ ಟಾರ್ಪಾಲು. ಚಾವಣಿಯ ಎರಡೂ ತುದಿಯ ಚಾಪೆಯ ಸಣ್ಣ ತೂತುಗಳಿಂದ ಗಾಳಿ ಆಡುತ್ತಿತ್ತು, ಹಾಗಾಗಿ ಒಳಗೇ ಅಡುಗೆ ಮಾಡಬಹುದಿತ್ತು. ಹೊಗೆಗೆ ಸೊಳ್ಳೆಯೂ ದೂರ.

ಕಚ್ಛ್‌ನಲ್ಲಿ ದೊಡ್ಡ ಕೆಲಸ ನಡೆದದ್ದು ಮಾತ್ರ ಬೇರೆ ರೀತಿ. ಬಹುಪಾಲು ಕಡೆ ಸರ್ಕಾರ ದುಡ್ಡನ್ನು ಕಂತಿನಲ್ಲಿ ಮನೆಯವರ ಕೈಗೇ ಕೊಟ್ಟಿತು. ಅವರವರ ಜಾಗದಲ್ಲಿ ಅವರವರೇ ಕಟ್ಟಿಕೊಂಡರು. ಎಂಜಿನಿಯರುಗಳು ಬಂದು ಗಟ್ಟಿ ಇದೆಯೇ ನೋಡುತ್ತಿದ್ದರು. ಭುಜ್‌ನ ಹುನ್ನರ್‌ಶಾಲಾದಂಥ ಸಂಸ್ಥೆಯ ವಾಸ್ತುಶಿಲ್ಪಿಗಳು ಸ್ಥಳೀಯ ಮೇಸ್ತ್ರಿಗಳ ಜೊತೆ ಕೂತು ಕೆಲಸ ಮಾಡಿದರು. ಅಲ್ಲಿನ ಹಳೇ ಗುಂಡನೆಯ ಮನೆ, ಅಂದರೆ ಭುಂಗಾ, ಭೂಕಂಪವನ್ನು ಚೆನ್ನಾಗಿಯೇ ತಡೆದುಕೊಂಡಿತ್ತು. ಓದಿದವರು ಅದರಿಂದ ಕಲಿತರು.

ನಿಮ್ಮ ಎತ್ತಿನ ಮಾತು ಓದಿದಾಗ ನನಗೆ ನೆನಪಾದದ್ದು ಮಹಾರಾಷ್ಟ್ರದ ಲಾತೂರ್. 1993ರ ಭೂಕಂಪದ ಮೇಲೆ ಅಲ್ಲಿ 52 ಹಳ್ಳಿಗಳನ್ನು ಬೇರೆ ಕಡೆ ಕಟ್ಟಿದರು. ಪಟ್ಟಣದ ಬಡಾವಣೆಯ ಹಾಗೆ ನೆಟ್ಟಗಿನ ಸಾಲು, ಅಗಲ ರಸ್ತೆ. ದನಕ್ಕೆ, ನೇಗಿಲಿಗೆ, ಜೋಳದ ಚೀಲಕ್ಕೆ ಜಾಗ ಎಲ್ಲಿ ಅಂತ ಅಲ್ಲಿಯೂ ಜನ ಕೇಳಿದರು. ನಕ್ಷೆ ಬಿಡಿಸುವ ಮೊದಲು ಕೇಳಿಸಿಕೊಳ್ಳಬೇಕಿತ್ತು, ಅಷ್ಟೇ. ನಕ್ಷೆಯನ್ನು ಪುಕ್ಕಟೆ ಬಿಡಿಸಿಕೊಟ್ಟಿದ್ದರೂ ಈ ತಪ್ಪು ತಪ್ಪೇ.

ಇನ್ನು ಯಾರು ಬರುತ್ತಾರೆ ಎಂಬ ಪ್ರಶ್ನೆ. ದೂರದವರನ್ನು ಜಾಸ್ತಿ ನಂಬಬೇಡಿ. ನಲುಗಿದ ಊರುಗಳಿಗೆ ಕಟ್ಟಿಕೊಡುವ ಕೆಲಸಕ್ಕೆ ಹೆಸರಾಗಿದ್ದ ಅಮೆರಿಕದ ಆರ್ಕಿಟೆಕ್ಚರ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆಯೇ 2015ರಲ್ಲಿ ದಿವಾಳಿಯಾಯಿತು. ಹತ್ತಿರದ ವಿದ್ಯಾರ್ಥಿಗಳು ವಾಸಿ. 2008ರಲ್ಲಿ ಚೀನಾದ ಸಿಚುವಾನ್‌ನಲ್ಲಿ ಭೂಕಂಪವಾದಾಗ, ಚೆಂಗ್ಡುವಿನ ಒಂದು ಪ್ರಾಥಮಿಕ ಶಾಲೆಗೆ ಒಂಬತ್ತು ತರಗತಿ ಕಟ್ಟಿಕೊಟ್ಟದ್ದು ಬಾನ್ ಜೊತೆಗಿದ್ದ ಜಪಾನ್ ಮತ್ತು ಚೀನಾದ ವಿದ್ಯಾರ್ಥಿಗಳು. ಅದೂ ಬೇಸಿಗೆ ರಜೆಯಲ್ಲಿ, ರಟ್ಟಿನ ಕೊಳವೆಯಲ್ಲೇ.

ನಿಮ್ಮ ಚಾವಣಿಗೆ ಅಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಮೊದಲು ಯಾರನ್ನಾದರೂ ಮೇಲೆ ಹತ್ತಿಸಿ. ನೀರು ಹೋಗುವ ತೂತಿನಲ್ಲಿ ಎಲೆ, ಮಣ್ಣು ಕಟ್ಟಿಕೊಂಡು ನೀರು ನಿಲ್ಲುತ್ತಿದೆಯೇ ನೋಡಲಿ. ಅದಲ್ಲದಿದ್ದರೆ, ಮಳೆ ಬರುವಾಗಲೇ ಎಲ್ಲೆಲ್ಲಿ ಹನಿಯುತ್ತದೆ ಅಂತ ಚಾಕಿನಲ್ಲಿ ಗುರುತು ಹಾಕಿ, ಕೋಣೆಯ ಅಳತೆ ಬರೆದು, ಶಾಲೆಯ ಅಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯಲ್ಲಿಟ್ಟು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಮೇಷ್ಟ್ರ ಬಳಿ ಒಯ್ಯಿರಿ. ಸುಮ್ನೆ ಅರ್ಜಿ ಒಯ್ಯುವುದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ನನಗೊಂದು ಕುತೂಹಲ ಉಳಿದಿದೆ. ಅರ್ಧ ಜನ ವಾಪಸಾದರು ಅಂದಿರಿ. ಹೊಸ ಊರಲ್ಲೇ ಉಳಿದವರು ಆ ಮನೆಗಳಿಗೆ ತಾವಾಗಿ ಏನೇನು ಸೇರಿಸಿಕೊಂಡರು? ಎತ್ತನ್ನು ಈಗ ಎಲ್ಲಿ ಕಟ್ಟುತ್ತಾರೆ? ಬರೆದು ಕಳಿಸಿ, ಸಾಧ್ಯವಾದರೆ ಕೈಯಲ್ಲಿ ಗೀಚಿದ ಚಿತ್ರದ ಜೊತೆ. ಅಚ್ಚು ಹಾಕುತ್ತೇವೆ.